ಕಪಾಟಿನ ಮೇಲಿನ ಕನ್ನಡಕ

"ಅಲ್ಲೇ ನಿಲ್ಸು. ಸ್ವಲ್ಪ ಹಿಂದಕ್ಕೆ ತಗೋ. ಹಾಂ, ಅಲ್ಲಿ," ಎಂದ ನಿರ್ದೇಶಕ.

ಎಡಿಟರ್ ಬೆರಳೆತ್ತಿದ. ಪರದೆಯ ಮೇಲಿದ್ದ ಮುದುಕನ ಮುಖ ಮಾತಿಗೂ ಅಳುವಿಗೂ ನಡುವೆ ಎಲ್ಲೋ ಸಿಕ್ಕಿಕೊಂಡು ನಿಂತಿತು. ಕೈಯಲ್ಲಿ ಫೋನು. ಕಥೆಯಲ್ಲಿ ಅವನ ಹೆಂಡತಿಯನ್ನು ಯಾರೋ ಕಾರಿಗೆ ಹಾಕಿಕೊಂಡು ಹೋಗಿ ಮೂರು ದಿನವಾಗಿದೆ. ಆದರೆ ನಿರ್ದೇಶಕ ತೋರಿಸುತ್ತಿದ್ದುದು ಮುಖವನ್ನಲ್ಲ. ಎಡಗಿವಿಯ ಹಿಂದೆ, ಪುಸ್ತಕದ ಕಪಾಟಿನ ಮೇಲೆ, ಹೂದಾನಿಯ ಪಕ್ಕದಲ್ಲಿ ಏನೋ ಇತ್ತು.

"ಏನದು?"

"ಕನ್ನಡಕ," ಎಂದ ಎಡಿಟರ್.

"ಯಾರದು?"

"ಹೆಂಡ್ತಿದು. ಕಂದು ಫ್ರೇಮು. ಅವಳನ್ನ ಕಾರಿಗೆ ತಳ್ಳುವಾಗ ಹಾಕ್ಕೊಂಡಿದ್ಲಲ್ಲ, ಅದೇ."

"ಕಾರಲ್ಲಿ ಹೋದ ಕನ್ನಡಕ ಮನೆಗೆ ಹೇಗೆ ಬಂತು? ನಡ್ಕೊಂಡು ಬಂತಾ?"

ಇಬ್ಬರೂ ಹಿಂದಿನ ಕುರ್ಚಿಯ ಕಡೆ ತಿರುಗಿದರು. ಅಲ್ಲಿ ನೆನಪಕ್ಕ ಕೂತಿದ್ದಳು.

ನೆನಪಕ್ಕ ಎಂಬುದು ಅವಳಿಗೆ ಇಟ್ಟ ಹೆಸರಲ್ಲ, ಇಪ್ಪತ್ತೆಂಟು ವರ್ಷದ ಕೆಲಸದಿಂದ ಅಂಟಿಕೊಂಡದ್ದು. ಟೀವಿಯ ಕಥೆಗಳನ್ನು ಕಥೆಯ ಕ್ರಮದಲ್ಲಿ ತೆಗೆಯುವುದಿಲ್ಲ. ಸೋಮವಾರ ಪೊಲೀಸರು ಹೆಂಡತಿಯನ್ನು ಬಿಡಿಸಿ ತರುತ್ತಾರೆ, ಬುಧವಾರ ಅವಳ ಅಪಹರಣವಾಗುತ್ತದೆ, ಶುಕ್ರವಾರ ಗೋಡೆಗೆ ತೂಗುಹಾಕಲು ಅವಳ ಮದುವೆಯ ಫೋಟೋ ತೆಗೆಯುತ್ತಾರೆ. ಈ ತಲೆಕೆಳಗಾದ ಪ್ರಪಂಚದಲ್ಲಿ ಯಾವುದು ಎಲ್ಲಿತ್ತು, ಹೇಗಿತ್ತು ಎಂದು ಬರೆದಿಟ್ಟುಕೊಳ್ಳುವುದು ಅವಳ ಕೆಲಸ. 'ಗಂಡ. ಬಲಗೈ. ಗಾಜಿನ ಲೋಟ. ಮುಕ್ಕಾಲು ನೀರು. ಎಡತೋಳು ಮಡಿಸಿದೆ.' ಇಂಥ ಸಾಲುಗಳಿಂದ ತುಂಬಿದ ನೋಟ್‌ಬುಕ್ಕುಗಳು ಅವಳ ಮನೆಯ ಮಂಚದ ಕೆಳಗೆ ಎರಡು ಪೆಟ್ಟಿಗೆ ಇದ್ದವು. ಕುಡಿಯುತ್ತಾ ಕೂತವರ ಲೋಟದಲ್ಲಿ ನೀರು ತಾನಾಗಿ ಏರದಂತೆ ನೋಡಿಕೊಂಡದ್ದೇ ಅವಳ ಜೀವಮಾನದ ಸಾಧನೆ. ಅದನ್ನು ಇದುವರೆಗೆ ಯಾರೂ ಗಮನಿಸಿರಲಿಲ್ಲ. ಗಮನಿಸಿದ್ದರೆ ಅವಳಿಗೆ ಕೆಲಸ ಇರುತ್ತಿರಲಿಲ್ಲ.

"ಅಕ್ಕ?" ಎಂದ ನಿರ್ದೇಶಕ.

ಅವಳು ಹಾಳೆ ತಿರುವಿದಳು. "ಹೂದಾನಿ, ಮೂರು ಪುಸ್ತಕ, ಒಂದು ಗಡಿಯಾರ. ಕನ್ನಡಕ ಬರ್ದಿಲ್ಲ."

"ಬರ್ದಿಲ್ಲ ಅಂದ್ರೆ ಇರ್ಲಿಲ್ಲ ಅಂತ. ಆದ್ರೆ ಇದೆ."

"ಇನ್ನೊಂದು ಸಲ ತೆಗೆದ್ರೆ?" ಎಂದ ಎಡಿಟರ್.

"ಎಲ್ಲಿ ತೆಗೀತೀಯಪ್ಪ? ಆ ಮನೆಯೋರು ಹಾಲಿಗೂ ಅಡುಗೆಮನೆಗೂ ಮಧ್ಯದ ಗೋಡೆ ಒಡೆಸಿಯಾಯ್ತು. ಆ ಕಪಾಟು ಇದ್ದಿದ್ದೇ ಆ ಗೋಡೆಗೆ. ನೀನು ಅಳಿಸ್ತೀಯಾ?"

"ಮುಖದ ಹಿಂದೇನೇ ಇದೆ. ಅವರು ತಲೆ ಅಲ್ಲಾಡಿಸಿದಾಗೆಲ್ಲ ಮರೆಯಾಗಿ ಮತ್ತೆ ಕಾಣತ್ತೆ. ಅಳಿಸೋಕೆ ಹೊರಗಿನವರಿಗೆ ಕೊಡ್ಬೇಕು. ಹದಿನೈದು ದಿನ ಕೇಳ್ತಾರೆ."

"ಪ್ರಸಾರಕ್ಕೆ ಇರೋದು ಒಂಬತ್ತೇ."

"ಹಾಗಾದ್ರೆ ಕತ್ತರಿಸಿಬಿಡ್ಲಾ?"

ನಿರ್ದೇಶಕ ಎರಡೂ ಕೈಯಿಂದ ಮುಖ ಉಜ್ಜಿಕೊಂಡ. "ಕತ್ತರಿಸಿದ್ರೆ ಉಳಿಯೋದೇನು? ಇಡೀ ಚಿತ್ರದಲ್ಲಿ ನಟನೆ ಅಂತ ಇರೋದೇ ಈ ಎರಡು ನಿಮಿಷ ನಲವತ್ತು ಸೆಕೆಂಡು. ಉಳಿದಿದ್ದೆಲ್ಲ ಕಾರು."

ಗೋಡೆಗೆ ಒರಗಿ ತೂಕಡಿಸುತ್ತಿದ್ದ ಕಥೆಗಾರ ಆಗ ಕಣ್ಣು ಬಿಟ್ಟ. ಹದಿನಾಲ್ಕು ಕೊಲೆ, ಒಂಬತ್ತು ಅಪಹರಣ ಬರೆದು ಹೈರಾಣಾದ ಮನುಷ್ಯ. ತಪ್ಪಿತಸ್ಥ ಯಾರು ಎಂದು ಹೆಂಡತಿ ಕೇಳಿದರೂ ಸಿಟ್ಟಾಗುತ್ತಿದ್ದ. ಆತ ಪರದೆಯ ಹತ್ತಿರ ಬಂದು ಕನ್ನಡಕವನ್ನೇ ನೋಡಿದ.

"ಇದು ತಪ್ಪಲ್ಲ, ಸುಳಿವು," ಎಂದ.

"ಮಲಕ್ಕೋ ಹೋಗು."

"ಕೇಳಿ ಇಲ್ಲಿ. ಅವಳನ್ನ ಹಿಡ್ಕೊಂಡು ಹೋದಾಗ ಕನ್ನಡಕ ಇತ್ತು. ಕೂಡಿಹಾಕಿದ ಗೋದಾಮಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿದ್ದಾರೆ. ಅಂದ್ರೆ ಕನ್ನಡಕ ತೆಗೆದಿದ್ದಾರೆ. ಆಮೇಲೆ ಅದು ಎಲ್ಲಿ ಹೋಯ್ತು? ನಾವು ಬರೆದೇ ಇಲ್ಲ. ಈಗ ನೋಡಿದ್ರೆ ಮನೇಲಿದೆ. ಅಂದ್ರೆ ಗೋದಾಮಿಗೆ ಹೋದವನೊಬ್ಬ ಮನೆಗೂ ಬಂದಿದ್ದಾನೆ. ಮನೇಲಿರೋದು ಒಬ್ಬನೇ."

ಎಡಿಟರ್ ನಿಧಾನವಾಗಿ ಕುರ್ಚಿ ತಿರುಗಿಸಿದ. "ಗಂಡನಾ?"

"ಗಂಡನೇ."

"ಗಂಡನೇ ಮಾಡ್ಸಿದ್ದಾದ್ರೆ ಕನ್ನಡಕ ಯಾಕೆ ಮನೆಗೆ ತರ್ತಾನೆ? ಅಷ್ಟು ದಡ್ಡನಾ?"

"ಅಭ್ಯಾಸ. ಮೂವತ್ತು ವರ್ಷದಿಂದ ಅವಳು ಎಲ್ಲೆಲ್ಲೋ ಇಟ್ಟು ಮರೆಯೋ ಕನ್ನಡಕಾನ ಎತ್ತಿ ಜೋಪಾನ ಮಾಡ್ತಿದ್ದ ಗಂಡ. ಗೋದಾಮಿನ ನೆಲದ ಮೇಲೆ ಬಿದ್ದಿತ್ತು. ಎತ್ತಿ ಜೇಬಿಗೆ ಹಾಕ್ಕೊಂಡ. ಮನೆಗೆ ಬಂದು ಯಾವಾಗ್ಲೂ ಇಡೋ ಜಾಗದಲ್ಲಿ ಇಟ್ಟ. ಅವನಿಗೇ ಗೊತ್ತಿಲ್ಲ." ಕಥೆಗಾರನ ಕಣ್ಣುಗಳು ಹೊಳೆಯುತ್ತಿದ್ದವು. "ನನಗೆ ಮೊದಲಿಂದ್ಲೂ ಅನ್ನಿಸ್ತಿತ್ತು. ತಪ್ಪಿತಸ್ಥ ಬಾಮೈದ ಅಂತ ಬರೆದಾಗ್ಲೇ ಸಮಾಧಾನ ಇರ್ಲಿಲ್ಲ."

"ಮತ್ತೆ ಈ ಅಳು?" ಎಂದು ಎಡಿಟರ್ ಪರದೆ ತೋರಿಸಿದ.

"ನಾಟಕ. ಗಂಡ ನಾಟಕ ಆಡ್ತಿದ್ದಾನೆ. ಎಷ್ಟು ಚೆನ್ನಾಗಿ ಆಡ್ತಿದ್ದಾನೆ ನೋಡಿ."

ಎಲ್ಲರೂ ನೋಡಿದರು. ನಿಜವಾಗಿಯೂ ಚೆನ್ನಾಗಿ ಆಡುತ್ತಿದ್ದ. ಕೊನೆಯ ದೃಶ್ಯ, ಅಂದರೆ ಇನ್ಸ್‌ಪೆಕ್ಟರ್ ತಪ್ಪಿತಸ್ಥನನ್ನು ಕೂರಿಸಿ ಬಾಯಿ ಬಿಡಿಸುವುದು, ಇನ್ನೂ ತೆಗೆಯುವುದಿತ್ತು. ಕುರ್ಚಿಯಲ್ಲಿ ಬಾಮೈದನ ಬದಲು ಗಂಡನನ್ನು ಕೂರಿಸಿದರೆ ಆಯಿತು. ಬಾಮೈದನ ಪಾತ್ರದವನಿಗೆ ಸಂಜೆ ಫೋನು ಹೋಯಿತು. ನಾಲ್ಕು ಪುಟದ ತಪ್ಪೊಪ್ಪಿಗೆ ಬಾಯಿಪಾಠ ಮಾಡಿದ್ದನಂತೆ. ತಾನೀಗ ನಿರಪರಾಧಿ ಎಂದು ಕೇಳಿ ಅವನಿಗೆ ಬಹಳ ಬೇಜಾರಾಯಿತಂತೆ.

ನೆನಪಕ್ಕ ನೋಟ್‌ಬುಕ್ಕು ಮುಚ್ಚಿ, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಕಂದು ಫ್ರೇಮಿನ ಕನ್ನಡಕ.

ಪಾತ್ರಕ್ಕೆ ಒಂದು ಕನ್ನಡಕ ಬೇಕು ಎಂದಾಗ ಸಾಮಾನು ಒದಗಿಸುವವನು ಅಂಗಡಿಯಲ್ಲಿ ಏನು ಕೇಳಬೇಕೆಂದು ತಿಳಿಯದೆ ಅವಳದ್ದರ ಫೋಟೋ ತೆಗೆದುಕೊಂಡು ಹೋಗಿ ಅಂಥದ್ದೇ ತಂದಿದ್ದ. ಕಪಾಟಿನ ಮೇಲಿದ್ದದ್ದು ಪಾತ್ರದ್ದಲ್ಲ, ಅವಳದ್ದು.

ಫೋನಿನ ದೃಶ್ಯ ತೆಗೆದ ದಿನ ಮಾವನ ಅಂಗಿಯ ಎರಡನೆಯ ಗುಂಡಿಯ ದಾರ ಸಡಿಲವಾಗಿತ್ತು. ಗಂಡನ ಪಾತ್ರದ ಆ ನಟನನ್ನು ಎಲ್ಲರೂ ಮಾವ ಎಂದೇ ಕರೆಯುತ್ತಿದ್ದರು. ಒಂಬತ್ತು ವರ್ಷ ಒಂದೇ ಧಾರಾವಾಹಿಯಲ್ಲಿ ಸೊಸೆಯಂದಿರ ಪ್ರಾಣ ತಿನ್ನುವ ಮಾವನಾಗಿದ್ದ. ಅದಕ್ಕೆ ಮೊದಲು ಕಳ್ಳಸಾಗಣೆಗಾರ, ವಿಷ ಹಾಕುವ ವೈದ್ಯ, ಅನಾಥಾಲಯ ಸುಡುವ ಅಧ್ಯಕ್ಷ. ದಪ್ಪ ಹುಬ್ಬು, ಕೆಳಗೆ ಇಳಿದ ತುಟಿ. ದೇವರು ಕೊಟ್ಟ ಮುಖವನ್ನು ನಿರ್ಮಾಪಕರು ಬಿಡಲಿಲ್ಲ. ನೆನಪಕ್ಕನಿಗೆ ದೂರದ್ದು ನೋಡಲು ಕನ್ನಡಕ ಬೇಕು, ಹತ್ತಿರದ್ದು ನೋಡಲು ತೆಗೆಯಬೇಕು. ತೆಗೆದು ಪಕ್ಕದಲ್ಲೆಲ್ಲೋ ಇಟ್ಟು ಗುಂಡಿಯನ್ನು ನೋಡುತ್ತಿದ್ದಾಗ ಅವನು ಮೆಲ್ಲಗೆ ಹೇಳಿದ್ದ:

"ಇದನ್ನ ನಮ್ಮನೆಯವಳು ನೋಡ್ತಾಳಂತೆ."

"ಅದರಲ್ಲೇನು ಮಾವ?"

"ಇಪ್ಪತ್ತೆರಡು ವರ್ಷ ಆಯ್ತು, ನನ್ನದು ಒಂದೂ ನೋಡಿಲ್ಲ. ಆ ವಿಷದ ಡಾಕ್ಟರು ಮಾಡಿದ್ನಲ್ಲ, ಅದು ನೋಡಿದ್ದೇ ಕೊನೆ. ಅವತ್ತು ಮುಗಿದ ಮೇಲೆ ಕುಡಿಯೋಕೆ ನೀರು ಕೇಳ್ದೆ. ತಂದ್ಲು. ಕೈ ನಡುಗಿ ಅರ್ಧ ನನ್ನ ಮೇಲೇ ಚೆಲ್ಲಿತು. ಬೇಕಂತ ಅಲ್ಲ. 'ನಿಮ್ಮನ್ನ ನೋಡಿದ್ರೆ ಆ ಮುಖ ಹೋಗೋದೇ ಇಲ್ಲ ರೀ, ಎರಡು ದಿನ ಬೇಕು' ಅಂದ್ಲು. ಅವತ್ತಿಂದ ಅವಳು ನೋಡೋದು ಬಿಟ್ಲು, ನಾನು ನೀರು ಕೇಳೋದು ಬಿಟ್ಟೆ. ನಾನೇ ತಗೋತೀನಿ." ಆಮೇಲೆ ಸ್ವಲ್ಪ ನಾಚಿಕೆಯಿಂದ ಸೇರಿಸಿದ್ದ: "ಇದರಲ್ಲಿ ನಾನು ಒಳ್ಳೆಯವನು ಅಂತ ಹೇಳಿದ್ದೀನಿ. ಪ್ರಮಾಣ ಮಾಡಿಸ್ಕೊಂಡಿದ್ದಾಳೆ."

ಅಷ್ಟರಲ್ಲಿ "ರೆಡಿ" ಎಂದರು. ಅವಳು ಗುಂಡಿ ಬಿಟ್ಟು, ಕ್ಯಾಮೆರಾ ನೋಡುವುದನ್ನು ತೋರಿಸುವ ಪರದೆಯ ಹತ್ತಿರ ಓಡಿದಳು. ದೃಶ್ಯ ಶುರುವಾದಾಗ ಎಲ್ಲವೂ ಮಂಜುಮಂಜಾಗಿ ಕಂಡಿತು. ಕಣ್ಣಲ್ಲಿ ನೀರು ಬಂದಿದೆ, ಅದಕ್ಕೇ ಎಂದುಕೊಂಡಳು. ನೀರು ಬಂದಿದ್ದೂ ನಿಜವೇ. ಫೋನಿನಲ್ಲಿ ಹೆಂಡತಿಯ ಉಸಿರು ಕೇಳಿಸಿಕೊಂಡ ಮಾವ, ಕೂಗದೆ, ಎದೆ ಬಡಿದುಕೊಳ್ಳದೆ, "ಊಟ ಮಾಡಿದ್ಯಾ?" ಎಂದು ಕೇಳಿದ್ದ. ಅದು ಕಥೆಗಾರ ಬರೆದ ಸಾಲಾಗಿರಲಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ನೆನಪಕ್ಕ ಲೋಟ, ಗಡಿಯಾರ, ಕಪಾಟು ಬಿಟ್ಟು ಮನುಷ್ಯನನ್ನು ನೋಡುತ್ತಾ ನಿಂತಳು. "ಓಕೆ" ಎಂದಾದ ಮೇಲೆ ತಡಕಾಡಿ, ಕಪಾಟಿನ ಮೇಲೆ ಕನ್ನಡಕ ಸಿಕ್ಕಿ, ಹಾಕಿಕೊಂಡು, ಏನೂ ಹೊಳೆಯದೆ ಮುಂದಿನ ಕೆಲಸಕ್ಕೆ ಹೋಗಿದ್ದಳು.

ಎಡಿಟಿಂಗ್ ಕೋಣೆಯಿಂದ ಹೊರಬಿದ್ದ ನಿರ್ದೇಶಕನನ್ನು ಅವಳು ಮೆಟ್ಟಿಲ ಹತ್ತಿರ ಹಿಡಿದಳು.

"ಅದು ಹೆಂಡ್ತಿ ಕನ್ನಡಕ ಅಲ್ಲಪ್ಪ. ನಂದು. ನಾನೇ ಮರೆತು ಇಟ್ಟಿದ್ದೆ."

ಅವನು ಅವಳ ಮುಖದ ಮೇಲಿನ ಕನ್ನಡಕವನ್ನು ಸ್ವಲ್ಪ ಹೊತ್ತು ನೋಡಿದ. ಬೈಯುವ ಶಕ್ತಿಯೂ ಅವನಲ್ಲಿ ಉಳಿದಿರಲಿಲ್ಲ. "ಯಾರದ್ದಾದ್ರೇನಕ್ಕ," ಎಂದ, "ಈಗ ಅದು ಸಾಕ್ಷಿ."

"ಇದರಲ್ಲಿ ತಾವು ಒಳ್ಳೆಯವರು ಅಂತ ಮಾವ ಮನೇಲಿ ಹೇಳ್ಕೊಂಡಿದ್ದಾರೆ."

"ಅವರ ಪೇಮೆಂಟೇನೂ ಕಮ್ಮಿ ಆಗಲ್ಲ," ಎಂದು ನಿರ್ದೇಶಕ ಮೆಟ್ಟಿಲಿಳಿದ. ಎರಡು ಮೆಟ್ಟಿಲು ಇಳಿದು ತಿರುಗಿದ. "ನೀವೇ ಹೇಳಿಬಿಡಿ ಅವರಿಗೆ. ನನಗೆ ಆ ಮುಖ ನೋಡಿದ್ರೆ ಭಯ."

ಕೊನೆಯ ದಿನದ ಚಿತ್ರೀಕರಣ ಒಂದು ಖಾಲಿ ಕಚೇರಿಯಲ್ಲಿತ್ತು. ಮೇಜಿನ ಮೇಲೊಂದು ದೀಪ, ಎದುರಾಬದುರು ಎರಡು ಕುರ್ಚಿ ಇಟ್ಟು ಪೊಲೀಸ್ ಠಾಣೆ ಎಂದಿದ್ದರು. ಪಕ್ಕದ ಕೋಣೆಯಲ್ಲಿ ಕನ್ನಡಿಯ ಮುಂದೆ ಮಾವ ಕೂತಿದ್ದ. ತೊಡೆಯ ಮೇಲೆ ಹೊಸ ಪುಟಗಳಿದ್ದವು. ಆಗಲೇ ಓದಿಯಾಗಿತ್ತು.

"ಅಂದ್ರೆ ಆ ಅಳು ಸುಳ್ಳು ಅಂತಾಯ್ತು," ಎಂದ ಕನ್ನಡಿಯಲ್ಲಿದ್ದ ನೆನಪಕ್ಕನಿಗೆ.

"ಹಾಗಂತ ಬರೆದಿದ್ದಾರೆ."

"ನಾನೇನೋ ನಿಜವಾಗೇ ಅತ್ತಿದ್ದೆ." ಅವನು ಪುಟಗಳ ಅಂಚು ಸರಿಮಾಡಿದ. "ಕನ್ನಡಕ ಅಂತೆ. ಯಾವ ದರಿದ್ರದವನು ಇಟ್ನೋ."

"ನಾನು."

ಮಾವ ತಿರುಗಲಿಲ್ಲ. ಅವಳು ಗುಂಡಿ, ದಾರ, ಕಪಾಟು ಎಲ್ಲವನ್ನೂ ಹೇಳಿದಳು. ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವ ಹಾಗೆ, ಕ್ರಮವಾಗಿ, ಏನನ್ನೂ ಬಿಡದೆ. ಮುಖಕ್ಕೆ ಬಣ್ಣ ಹಚ್ಚುವವಳು ಬ್ರಷ್ಷು ಹಿಡಿದು ಬಾಗಿಲವರೆಗೆ ಬಂದು, ಇಬ್ಬರ ಮುಖ ನೋಡಿ ವಾಪಸ್ಸು ಹೋದಳು.

"ಪರದೆ ಮುಂದೇನೇ ಇದ್ರಲ್ಲ. ಕಾಣ್ಲಿಲ್ವಾ?"

"ಕನ್ನಡಕ ಇಲ್ದೆ ಕನ್ನಡಕ ಹೇಗೆ ಕಾಣತ್ತೆ?" ಎಂದಳು. ಆಮೇಲೆ, "ನಿಮ್ಮನ್ನ ನೋಡ್ತಾ ಇದ್ದೆ ಮಾವ," ಎಂದಳು.

ಅವನು ಇದನ್ನು ಕೆಲಹೊತ್ತು ಅತ್ತಿತ್ತ ತಿರುಗಿಸಿ ನೋಡಿದಂತೆ ಕಂಡಿತು. ಇಳಿದ ತುಟಿ ಇನ್ನಷ್ಟು ಇಳಿಯಿತು. ನಗುತ್ತಿದ್ದನೆಂದು ಅವಳಿಗೆ ತಡವಾಗಿ ತಿಳಿಯಿತು. "ಹಾಗಾದ್ರೆ ತಪ್ಪು ನಂದೇ," ಎಂದ. "ಅಷ್ಟು ಚೆನ್ನಾಗಿ ಮಾಡಬಾರದಿತ್ತು."

"ಬೇಡ ಅಂತ ಹೇಳಿ. ಮಾಡಲ್ಲ ಅನ್ನಿ."

"ಈ ವಯಸ್ಸಲ್ಲಿ ಮಾಡಲ್ಲ ಅಂದ್ರೆ ಮತ್ತೆ ಯಾರು ಕರೀತಾರೆ? ಇರ್ಲಿ ಬಿಡಿ. ಅವಳಿಗೆ ನೋಡಬೇಡ ಅಂತೀನಿ. ಅಭ್ಯಾಸ ಇದೆ."

ಅಷ್ಟು ಹೇಳಿ ಅವನು ಕನ್ನಡಿಯ ಮುಂದಿದ್ದ ಬಾಟಲಿ ಎತ್ತಿ ತಾನೇ ನೀರು ಬಗ್ಗಿಸಿಕೊಂಡು ಕುಡಿದ. ನೆನಪಕ್ಕ ಅದನ್ನು ನೋಡಿದಳು.

"ಪೂರ್ತಿ ನೋಡೋದು ಬೇಡ," ಎಂದಳು. "ನಿಮ್ಮ ಫೋನಿನ ದೃಶ್ಯ ಮುಗಿಯೋದು ಅರವತ್ತೇಳನೇ ನಿಮಿಷಕ್ಕೆ. ಅಲ್ಲೇ ಜಾಹೀರಾತು ಬರತ್ತೆ. ಅಲ್ಲಿವರೆಗೂ ನೀವು ಒಳ್ಳೆಯವರೇ. ಹೆಂಡ್ತಿ ಸಿಕ್ಕಿದ್ಲು, ಮುಗೀತು ಅಂತ ಟೀವಿ ಆರಿಸಿಬಿಡಿ."

ಮಾವ ಮೊದಲ ಸಲ ತಿರುಗಿ ಅವಳನ್ನು ನೇರವಾಗಿ ನೋಡಿದ. "ನೀವೂ ಮನೆಗೆ ಬನ್ನಿ," ಎಂದ. "ನಾನೊಬ್ಬನೇ ಹೇಳಿದ್ರೆ ನಂಬಲ್ಲ. ನನ್ನ ಮುಖ ಹಾಗಿದೆ."

ಹೊರಗಿಂದ ಸಾಮಾನು ಒದಗಿಸುವವನು ತಲೆ ಹಾಕಿದ. ಪಾತ್ರದ ಕನ್ನಡಕದ ಮೇಲೆ ನಟಿ ಗೋದಾಮಿನಲ್ಲಿ ಕೂತುಬಿಟ್ಟಿದ್ದಳಂತೆ, ಎರಡು ತುಂಡಾಗಿದೆಯಂತೆ. "ಅಕ್ಕ, ನಿಮ್ದೇ ಕೊಡಿ. ಒಂದೇ ತರಹ ಇದೆ."

ಹೀಗೆ ಅವಳ ಕನ್ನಡಕ ಎರಡನೆಯ ಸಲ ಚಿತ್ರದಲ್ಲಿ ನಟಿಸಿತು. ಇನ್ಸ್‌ಪೆಕ್ಟರ್ ಪಾತ್ರದವನು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮೇಜಿನ ಮೇಲೆ ತಳ್ಳಿದ. ಮಾವ ಅದನ್ನು ಬಹಳ ಹೊತ್ತು ನೋಡಿ, "ಅಲ್ಲೇ ಬಿಟ್ಟು ಬರೋಕೆ ಮನಸ್ಸಾಗ್ಲಿಲ್ಲ," ಎಂದ. ಒಂದೇ ಸಲಕ್ಕೆ ಸರಿಹೋಯಿತು. ನೆನಪಕ್ಕನಿಗೆ ಪರದೆಯ ಮೇಲೆ ಕಂಡದ್ದು ಒಂದು ದೀಪ ಮತ್ತು ಅದರ ಎರಡು ಕಡೆ ಎರಡು ಕಪ್ಪು ಆಕಾರ.

ಚಿತ್ರ ಭಾನುವಾರ ಮಧ್ಯಾಹ್ನ ಎರಡಕ್ಕೆ. ಮಾವನ ಮನೆ ಮೂರನೆಯ ಮಹಡಿಯಲ್ಲಿತ್ತು. ಬಾಗಿಲು ತೆರೆದವಳು ತೆಳ್ಳಗಿನ, ಎತ್ತರದ ಹೆಂಗಸು. ಮೂವತ್ತೊಂದು ವರ್ಷ ಆಸ್ಪತ್ರೆಯ ವಾರ್ಡಿನಲ್ಲಿ ನರ್ಸಾಗಿದ್ದು ನಿವೃತ್ತಳಾದವಳು. ಚಪ್ಪಲಿ ಬಿಡುವ ಜಾಗ, ಕೂರುವ ಜಾಗ, ಚೀಲ ಇಡುವ ಜಾಗ ಮೂರನ್ನೂ ಒಂದೇ ಉಸಿರಿಗೆ ತೋರಿಸಿದಳು.

"ನೀವೇನಾ ನೆನಪಕ್ಕ? ಬಹಳ ಹೇಳ್ತಾರೆ. ಇವರಿಗೆ ಬಾಗಿಲು ಬೀಗ ಹಾಕಿದ್ನಾ ಇಲ್ವಾ ಅನ್ನೋದೇ ನೆನಪಿರಲ್ಲ. ನಿಮ್ಮಂಥೋರು ಮನೆಗೊಬ್ರು ಬೇಕು."

"ನಂದೇನೂ ಅಷ್ಟಿಲ್ಲ," ಎಂದಳು ನೆನಪಕ್ಕ. ಮಾವ ಕೆಮ್ಮಿದ.

ಟೀವಿ ಶುರುವಾಯಿತು. ಮಾವನ ಹೆಂಡತಿ ಗಂಡನ ಅಂಗಿಗಳನ್ನು ರಾಶಿ ಹಾಕಿಕೊಂಡು ಬಿಚ್ಚಿಹೋದ ಗುಂಡಿಗಳನ್ನು ಹೊಲಿಯುತ್ತಾ ಕೂತಳು. ಮೊದಲ ಕಾಲು ಗಂಟೆ ಅವಳು ತಲೆ ಎತ್ತಿದ್ದು ಮಾವ ಪರದೆಯ ಮೇಲೆ ಇಲ್ಲದಾಗ ಮಾತ್ರ. ಆಮೇಲೆ ಒಂದು ದೃಶ್ಯದಲ್ಲಿ ಅವನು ಹೆಂಡತಿಯ ಹೆಗಲ ಮೇಲೆ ಶಾಲು ಹೊದಿಸಿದ. ಅವಳು ಸೂಜಿ ನಿಲ್ಲಿಸಿ ನೋಡಿದಳು. "ಮನೇಲಿ ಇದೆಲ್ಲ ಮಾಡಿದ್ದು ಕಾಣೆ," ಎಂದಳು.

"ಬರ್ದುಕೊಟ್ರೆ ಮಾಡ್ತೀನಿ," ಎಂದ ಮಾವ.

ಅಪಹರಣವಾಯಿತು. ಕಾರುಗಳು ಓಡಿದವು. ಬಾಮೈದ ಅನುಮಾನ ಬರುವಂತೆ ಎರಡು ಸಲ ಕಿಟಕಿಯಿಂದ ಹೊರಗೆ ನೋಡಿದ. ಅರವತ್ತೈದನೆಯ ನಿಮಿಷಕ್ಕೆ ಫೋನು ಬಂತು. ಮಾವನ ಮುಖ ಪರದೆ ತುಂಬಿತು. "ಊಟ ಮಾಡಿದ್ಯಾ?" ಎಂದಿತು ಪರದೆಯ ಮುಖ. ಅವನ ಹೆಂಡತಿಯ ತೊಡೆಯ ಮೇಲಿದ್ದ ಅಂಗಿ ಜಾರಿ ಕೆಳಗೆ ಬಿತ್ತು. ಅವಳು ಎತ್ತಿಕೊಳ್ಳಲಿಲ್ಲ.

ಜಾಹೀರಾತು ಬಂತು. ಮಾವ ಎದ್ದು ಟೀವಿ ಆರಿಸಿದ.

"ಯಾಕೆ ರೀ?"

"ಮುಗೀತಲ್ಲ. ಪೊಲೀಸರು ಹೋಗಿ ಅವಳನ್ನ ಬಿಡಿಸ್ತಾರೆ, ಅಷ್ಟೆ. ಅಲ್ವಾ ಅಕ್ಕ?"

"ಅಷ್ಟೆ," ಎಂದಳು ನೆನಪಕ್ಕ.

"ಜಾಹೀರಾತು ಬಂದ್ರೆ ಮುಗಿದಿಲ್ಲ ಅಂತ ನನಗೂ ಗೊತ್ತು," ಎಂದಳು ಹೆಂಡತಿ. "ಆ ಕನ್ನಡಕದ ವಿಷಯ ಹೇಳದೆ ಹೇಗೆ ಮುಗಿಯತ್ತೆ?"

ಮಾವ ರಿಮೋಟನ್ನು ಕೈಯಿಂದ ಕೈಗೆ ಬದಲಾಯಿಸಿದ.

"ಕಪಾಟಿನ ಮೇಲೆ ಕನ್ನಡಕ ಇತ್ತಲ್ಲ. ಅವಳು ಹಾಕ್ಕೊಂಡು ಹೋಗಿದ್ದು. ಮನೇಲಿ ಹೇಗಿದೆ?" ಅವಳು ಮೊದಲು ಗಂಡನ ಮುಖ ನೋಡಿದಳು. ಅದು ಎಂದಿನಂತೆಯೇ ಎಲ್ಲವನ್ನೂ ಒಪ್ಪಿಕೊಂಡಂತಿತ್ತು. ಆಮೇಲೆ ನೆನಪಕ್ಕನ ಮುಖ ನೋಡಿದಳು. ರೋಗಿಯ ಕಣ್ಣಿನ ಬಣ್ಣ ನೋಡುವ ಹಾಗೆ ಸ್ವಲ್ಪ ಹೆಚ್ಚೇ ಹೊತ್ತು ನೋಡಿದಳು. "ನಿಮ್ಮದು ಅದೇ ತರಹ ಇದೆ," ಎಂದಳು.

"ನಂದೇ," ಎಂದಳು ನೆನಪಕ್ಕ. "ಮರೆತು ಇಟ್ಟುಬಿಟ್ಟೆ. ಅದಕ್ಕೆ ಆಮೇಲೆ ಕಥೇನೇ ಬದಲಾಯಿಸಿದ್ರು. ಇನ್ನು ಮುಂದೆ ನಿಮ್ಮ ಯಜಮಾನರೇ ಮಾಡ್ಸಿದ್ದು ಅಂತ ಬರತ್ತೆ."

"ಇವರಾ?"

"ನಾನು ಒಳ್ಳೆಯವನಾಗೇ ಶುರು ಮಾಡಿದ್ದೆ ಕಣೆ," ಎಂದ ಮಾವ. ಕೈಯಲ್ಲಿ ರಿಮೋಟು ಹಿಡಿದು ಕೋಣೆಯ ನಡುವೆ ನಿಂತಿದ್ದ ಅವನು ಆಗ ಅರವತ್ತಮೂರರ ವಯಸ್ಸಿಗಿಂತ ಹತ್ತು ವರ್ಷ ದೊಡ್ಡವನಂತೆ ಕಂಡ.

ಅವಳು ಬಿದ್ದ ಅಂಗಿಯನ್ನು ಎತ್ತಿ ಕೊಡವಿ ತೊಡೆಯ ಮೇಲೆ ಹಾಕಿಕೊಂಡಳು. "ಹಾಕಿ ಟೀವಿ," ಎಂದಳು.

"ಬೇಡ ಕಣೆ."

"ಹಾಕಿ ಅಂದೆ. ಇವರು ಕನ್ನಡಕ ಬಿಟ್ಟಿದ್ದಕ್ಕೆ ನಿಮ್ಮನ್ನ ಹೇಗೆ ಹಿಡೀತಾರೆ, ನೋಡ್ಬೇಕು."

ಟೀವಿ ಮತ್ತೆ ಮಾತಾಡತೊಡಗಿತು. ಮಾವ ಕುರ್ಚಿಯ ತುದಿಯಲ್ಲಿ ಕೂತ. ಸ್ವಲ್ಪ ಹೊತ್ತಿಗೆ ಅವಳು ಸೂಜಿಯನ್ನು ನೆನಪಕ್ಕನ ಕಡೆ ಚಾಚಿದಳು. "ಹತ್ತಿರದ್ದು ನಿಮಗೆ ಕಾಣತ್ತಾ? ದಾರ ಪೋಣಿಸಿ ಕೊಡಿ." ನೆನಪಕ್ಕ ಕನ್ನಡಕ ತೆಗೆದು ಪಕ್ಕದಲ್ಲಿಟ್ಟು ದಾರದ ತುದಿಯನ್ನು ನಾಲಗೆಗೆ ಸೋಕಿಸಿ ಪೋಣಿಸಿಕೊಟ್ಟಳು. ಪರದೆಯ ಮೇಲೆ ದೀಪವೊಂದು ಹತ್ತಿತು, ಅದರ ಎರಡು ಕಡೆ ಎರಡು ಆಕಾರಗಳು ಕೂತವು. ಚೀಲವೊಂದು ಮೇಜಿನ ಮೇಲೆ ಜಾರಿದ ಸದ್ದಾಯಿತು.

"ಅಲ್ಲೇ ಬಿಟ್ಟು ಬರೋಕೆ ಮನಸ್ಸಾಗ್ಲಿಲ್ಲ," ಎಂದಿತು ಮಾವನ ಧ್ವನಿ.

ಹೆಂಡತಿ ಗುಂಡಿಯ ದಾರವನ್ನು ಹಲ್ಲಿನಿಂದ ಕಡಿದದ್ದು ಕೇಳಿಸಿತು. ಚಿತ್ರ ಮುಗಿದು ಹೆಸರುಗಳು ಸರಿದುಹೋದವು. ಓದಲಾಗದ ವೇಗದಲ್ಲಿ ಹೋದ ಆ ಸಾಲುಗಳಲ್ಲಿ ಒಂದು ನೆನಪಕ್ಕನದ್ದೂ ಇತ್ತು. ಮಾವ ಮೊಣಕಾಲಿನ ಮೇಲೆ ಕೈಯೂರಿ ಎದ್ದ. ಅಡುಗೆಮನೆಯ ಕಡೆ ಎರಡು ಹೆಜ್ಜೆ ಹಾಕಿದ.

"ಎಲ್ಲಿಗೆ?"

"ನೀರು."

"ಕೂತ್ಕೊಳ್ಳಿ."

ಅವಳು ಒಳಗೆ ಹೋದಳು. ನಲ್ಲಿ ಬಿಟ್ಟ ಸದ್ದು, ನಿಲ್ಲಿಸಿದ ಸದ್ದು. ಹೊರಬಂದು ಕೋಣೆಯ ಆ ಬದಿಯಲ್ಲಿ ಗಂಡನ ಮುಂದೆ ನಿಂತಳು. ನೆನಪಕ್ಕ ಅಭ್ಯಾಸದಂತೆ ನೋಡಿದಳು. ಬಲಗೈ. ಗಾಜಿನ ಲೋಟ. ಮುಕ್ಕಾಲು ನೀರು ಇರಬಹುದು. ಅದಕ್ಕಿಂತ ಹೆಚ್ಚು ಅವಳಿಗೆ ಕಾಣಲಿಲ್ಲ. ಕಣ್ಣು ಕಿರಿದು ಮಾಡಿದಳು. ಕೈಯಿಂದ ಸೋಫಾದ ಮೇಲೆ ತಡಕಾಡಿದಳು.

"ಇಲ್ಲಿದೆ, ಯಾರಾದ್ರೂ ಮೇಲೆ ಕೂತ್ಬಿಟ್ಟಾರು ಅಂತ ನಾನೇ ಎತ್ತಿಟ್ಟಿದ್ದೆ," ಎಂದು ಮಾವನ ಹೆಂಡತಿ ಬಂದು, ಟೀವಿಯ ಪಕ್ಕದ ಗೂಡಿನಿಂದ ಕನ್ನಡಕ ಎತ್ತಿ ಅವಳ ಅಂಗೈಯಲ್ಲಿಟ್ಟಳು.

ನೆನಪಕ್ಕ ಅದನ್ನು ಹಾಕಿಕೊಂಡು ನೋಡುವಷ್ಟರಲ್ಲಿ ಮಾವನ ಕೈಯಲ್ಲಿದ್ದ ಲೋಟ ಖಾಲಿಯಾಗಿತ್ತು.